ನಾ ಬ್ಯಾಟಿ ಆಡಿಲ್ಲ

ಹುಮನಾಬಾದಿನ ಕೋರ್ಟಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾನು ಗೆದ್ದದ್ದು ಒಂದು ಶಿಕಾರಿ ಕೇಸು. ಹಳೆಯ ವಕೀಲ ಮಿತ್ರರು ಕೂಡಿದಾಗ ಯಾರಾದರೂ ಅದರ ಮಾತು ತೆಗೆದರೆ ನಾನು ಏನಾದರೂ ನೆವ ಹೇಳಿ ಎದ್ದುಬಿಡುತ್ತೇನೆ. ಅವರು ಅದನ್ನು ವಿನಯ ಅಂದುಕೊಂಡಿದ್ದಾರೆ. ವಿನಯ ನನ್ನ ಜಾತಕದಲ್ಲೇ ಇಲ್ಲ. ಅದು ನಾಚಿಕೆ.

ಎಪ್ಪತ್ತರ ದಶಕದ ನಡುವಿನ ಮಾತು. ಕಾಡುಪ್ರಾಣಿಗಳನ್ನು ಕಾಪಾಡುವ ಹೊಸ ಕಾಯ್ದೆ ಬಂದು ಕೆಲವೇ ವರ್ಷಗಳಾಗಿದ್ದವು. ನಾನು ಜಮೀನಿನ ವಕೀಲ. ಬಾಂದು, ಹಿಸ್ಸೆ, ಗೇಣಿ ಇವೇ ನನ್ನ ರೊಟ್ಟಿ. ಘಾಟಬೋರಾಳದ ರೈತನೊಬ್ಬನ ಬಾಂದಿನ ವ್ಯಾಜ್ಯ ನಡೆಸುತ್ತಿದ್ದೆ. ಆತ ಒಂದು ದಿನ ಬೆಳಿಗ್ಗೆ ಒಬ್ಬ ಮುದುಕಿಯನ್ನೂ ಅವಳ ಮಗನನ್ನೂ ಕರೆದುಕೊಂಡು ನನ್ನ ಆಫೀಸಿಗೆ ಬಂದ. ಇಬ್ಬರೂ ಪಾರ್ಧಿಗಳು. ಉರುಲು ಹಾಕಿ ಚಿಗರಿ ಜಿಂಕೆ, ಕೌಜುಗ ಹಕ್ಕಿ ಹಿಡಿಯುವುದು ಅವರ ತಲೆತಲಾಂತರದ ಕಸುಬು. ಹುಟ್ಟಿನಿಂದಲೇ ಕಳ್ಳರು ಎಂದು ಅವರಿಗೆ ಹಿಂದಿನ ಸರ್ಕಾರಗಳು ಕಾಯ್ದೆ ಮಾಡಿ ಮುದ್ರೆ ಒತ್ತಿದ್ದವು. ಆ ಕಾಯ್ದೆ ಹೋಗಿತ್ತು, ಮುದ್ರೆ ಹೋಗಿರಲಿಲ್ಲ. ಅವರು ಮೆಟ್ಟಿಲ ಹತ್ತಿರ ಬರುತ್ತಿದ್ದಂತೆ ನನ್ನ ಗುಮಾಸ್ತ ಮೇಜಿನ ಮೇಲಿದ್ದ ನನ್ನ ಕೈಗಡಿಯಾರವನ್ನು ಮೆಲ್ಲಗೆ ಡ್ರಾಯರಿಗೆ ಹಾಕಿದ. ಮುದುಕಿ ಅದನ್ನು ನೋಡಿದಳು. ನಾನೂ ನೋಡಿದೆ.

ವಿಷಯ ಹೇಳಿದವನು ರೈತನೇ. ಘಾಟಬೋರಾಳದ ಹೊಲಗಳಾಚೆ ಒಂದು ಕುರುಚಲು ಗುಡ್ಡವಿದೆ. ಕೆಂಪು ಕಲ್ಲು, ಸೀತಾಫಲದ ಗಿಡ, ಕವಳೆ ಮುಳ್ಳು, ನಡುವೆ ಬೇಸಿಗೆಯಲ್ಲೂ ಬತ್ತದ ಒಂದು ಹೊಂಡ. ಈ ಪಾರ್ಧಿ ಕುಟುಂಬಗಳು ಅದರ ಆಶ್ರಯದಲ್ಲೇ ಬದುಕಿದ್ದವು. ಜೋಳಕ್ಕೆ ಬೀಳುವ ಚಿಗರಿಗಳನ್ನು ಓಡಿಸಲು, ಹಿಡಿಯಲು ಊರಿನ ರೈತರೂ ಇವರನ್ನೇ ನೆಚ್ಚಿದ್ದರು. ಈಗ ಸರ್ಕಾರ ಆ ಗುಡ್ಡವನ್ನು ಮೀಸಲು ಅರಣ್ಯ ಮಾಡುವುದಾಗಿ ಪ್ರಕಟಿಸಿತ್ತು. ಯಾರಿಗಾದರೂ ಅಲ್ಲಿ ನೀರು, ಹುಲ್ಲು, ದಾರಿ, ದೇವರು ಎಂದು ಏನಾದರೂ ಹಕ್ಕಿದ್ದರೆ, ಗೊತ್ತು ಮಾಡಿದ ಅವಧಿಯೊಳಗೆ ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ ಹೇಳಿಕೊಳ್ಳಬೇಕು. ಹೇಳಿಕೊಳ್ಳದವರ ಹಕ್ಕು ಅಲ್ಲಿಗೇ ಸತ್ತಂತೆ. ಆ ಅಧಿಕಾರಿಯ ವಿಚಾರಣೆ ಬಸವಕಲ್ಯಾಣದಲ್ಲಿ ನಡೆಯುತ್ತಿತ್ತು.

ಕೇಸು ಹಿಡಿದೆ. ಜಮೀನಿನ ವಕೀಲನಿಗೆ ಇದು ಹೊಸ ಹೊಲ, ಸ್ವಲ್ಪ ಹೆಸರಾದೀತು ಎಂಬ ಆಸೆಯೂ ಇತ್ತು. ಹಕ್ಕಿನ ಅರ್ಜಿಯಲ್ಲಿ ಹೊಂಡದ ನೀರು ಬರೆದೆ, ಹುಲ್ಲು, ಗೆಣಸು, ಜೇನು, ಸೀತಾಫಲ, ಕಾಲುದಾರಿ ಬರೆದೆ, ಬೇವಿನ ಕೆಳಗಿನ ಅವರ ದೇವಿಯ ಗದ್ದುಗೆ ಬರೆದೆ. ಬೇಟೆಯನ್ನು ಮಾತ್ರ ಬರೆಯಲಿಲ್ಲ. ಬರೆದಿದ್ದರೆ ಅದು ಹಕ್ಕಿನ ಅರ್ಜಿಯಲ್ಲ, ತಪ್ಪೊಪ್ಪಿಗೆಯಾಗುತ್ತಿತ್ತು. ಚಿಗರಿ ಮುಟ್ಟಿದವನಿಗೆ ಹೊಸ ಕಾಯ್ದೆಯಲ್ಲಿ ತಿಂಗಳುಗಟ್ಟಲೆ ಜೈಲು. ಬರೆದದ್ದನ್ನೆಲ್ಲ ಓದಿ ಹೇಳಿದಾಗ ಮುದುಕಿ, “ಬ್ಯಾಟಿ ಬರೀಲಿಲ್ಲಲ್ರಿ?” ಎಂದು ಕೇಳಿದಳು. “ಅದು ಬರದ್ರ ನಿನ್ನ ಮಗ ಒಳಗ ಹೋಗ್ತಾನ,” ಎಂದೆ. ಆಕೆಗೆ ನನ್ನ ತಾಯಿಯಷ್ಟು ವಯಸ್ಸು. ಆಕೆ ನನಗೆ ‘ರಿ’ ಅನ್ನುತ್ತಿದ್ದಳು, ನಾನು ಆಕೆಗೆ ‘ನೀ’ ಅನ್ನುತ್ತಿದ್ದೆ. ಆಗ ಅದು ಯಾರಿಗೂ, ನನಗೂ, ತಪ್ಪೆನಿಸಲಿಲ್ಲ.

ಅರ್ಜಿ ಹಾಕುವ ಮೊದಲು ಗುಡ್ಡ ನೋಡಿ ಬರಲು ಹೋದೆ. ಜಾಗ ನೋಡದೆ ವಾದ ಮಾಡುವ ವಕೀಲ ಹೆಣ ನೋಡದೆ ಅಳುವವನ ಹಾಗೆ ಎಂದು ನನ್ನ ಹಿರಿಯ ವಕೀಲರು ಹೇಳುತ್ತಿದ್ದರು. ಘಾಟಬೋರಾಳದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಗುಡಿಸಲುಗಳು ಗುಡ್ಡದೊಳಗೆ ಇರಲಿಲ್ಲ, ಅಂಚಿನಲ್ಲಿ ಒಂದು ದೊಡ್ಡ ಕಲ್ಲಿನ ಈಚೆ ಇದ್ದವು. ತಾಯಿ ಮಗ ಇಬ್ಬರೂ ಆ ಕಲ್ಲಿನವರೆಗೆ ಬಂದು ನಿಂತುಬಿಟ್ಟರು. ಬಿಸಿಲಿಗೆ ದಣಿದಿದ್ದಾರೆ ಅಂದುಕೊಂಡೆ. ಹೊಂಡ, ಗದ್ದುಗೆ, ಕಾಲುದಾರಿ ಎಲ್ಲವನ್ನೂ ತೋರಿಸಿದವನು ರೈತ. ಕಾಲುದಾರಿಯಲ್ಲಿ ಹುಲ್ಲು ಬೆಳೆದಿತ್ತು. ಅದನ್ನೂ ನೋಡಿದೆ, ಮಳೆ ಚೆನ್ನಾಗಿ ಆಗಿದೆ ಅಂದುಕೊಂಡೆ. ಹೀಗೆ ಕಣ್ಣಿಗೆ ಕಂಡದ್ದಕ್ಕೆಲ್ಲ ನನ್ನದೇ ಅರ್ಥ ಹಚ್ಚಿಕೊಂಡು ಹುಮನಾಬಾದಿಗೆ ಮರಳಿದೆ.

ಮೊದಲ ವಿಚಾರಣೆಗೆ ಅವರ ಕಡೆಯ ಗಂಡಸರೂ ಹೆಂಗಸರೂ ಬಸವಕಲ್ಯಾಣಕ್ಕೆ ಬಂದಿದ್ದರು. ಅಧಿಕಾರಿ ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. ಅವರಿಗೆ ನಮ್ಮ ಕಡೆಯ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾನು ತಿಳಿಸುತ್ತಿದ್ದೆ. ಅರಣ್ಯ ಇಲಾಖೆಯ ಗಾರ್ಡು ಮೊದಲು ಹೇಳಿಕೆ ಕೊಟ್ಟ. ಗುಡ್ಡದೊಳಗೆ ಯಾರೂ ವಾಸವಿಲ್ಲ, ಈ ವರ್ಷ ಯಾರೂ ಹುಲ್ಲು ಕೊಯ್ದಿಲ್ಲ, ಹೊಂಡಕ್ಕೂ ಯಾರೂ ಹೋಗಿಲ್ಲ ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಅವನನ್ನು ಚೆನ್ನಾಗಿ ತಿವಿದೆ. ಆಮೇಲೆ ಮುದುಕಿಯ ಮಗನನ್ನು ನಿಲ್ಲಿಸಿದೆ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಪ್ರಮಾಣ ಮಾಡಿಸಿ, ಅಧಿಕಾರಿ ನೇರವಾಗಿ ಕೇಳಿದರು:

“ಏನಪ್ಪಾ, ಆ ಗುಡ್ಡ ನಿಮ್ದಾ?”

“ಅಲ್ರಿ,” ಎಂದ ಅವನು. “ನಮ್ದಲ್ಲ.”

ನಾನು ಕೆಮ್ಮಿದೆ. ಪ್ರಶ್ನೆ ಇವನಿಗೆ ತಿಳಿಯಲಿಲ್ಲ ಎಂದು ಅಧಿಕಾರಿಗೆ ಹೇಳಿ ನಾನೇ ಬಿಡಿಸಿ ಕೇಳಿದೆ. ಒಡೆತನದ ಮಾತಲ್ಲ, ಬಳಕೆಯ ಮಾತು. ಅಲ್ಲಿ ನೀರು ಹುಲ್ಲು ನಿಮ್ಮದು ಹೌದೋ ಅಲ್ಲವೋ ಎಂದೆ. ಅದಕ್ಕೂ ಅವನು ಅಲ್ಲ ಎಂದ. ಅವನ ಕಾಕಾನನ್ನು ನಿಲ್ಲಿಸಿದೆ, ಅವನೂ ಅಲ್ಲ ಎಂದ. ಮುದುಕಿಯೂ ತಲೆಯಾಡಿಸಿದಳು. ಗಾರ್ಡು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕ. ಅಧಿಕಾರಿ ಕನ್ನಡಕ ತೆಗೆದು ಒರೆಸುತ್ತ, ನಿಮ್ಮ ಕಕ್ಷಿದಾರರು ನಿಮ್ಮ ಅರ್ಜಿಯನ್ನು ಓದಿದ್ದಾರೆಯೇ ಎಂದು ಕೇಳಿದರು. ಹೇಗೋ ಮುಂದಿನ ತಾರೀಖು ಬೇಡಿಕೊಂಡು ಹೊರಗೆ ಬಂದೆ.

ಕಚೇರಿಯ ಮೆಟ್ಟಿಲ ಮೇಲೆ ನಿಂತು ಅವರನ್ನು ಬೈದೆ. ಇಷ್ಟು ದೂರ ಬಂದು ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡಿರಿ, ನನ್ನ ಮರ್ಯಾದೆಯನ್ನೂ ತೆಗೆದಿರಿ ಎಂದೆ. ಮುದುಕಿ ಪೂರ್ತಿ ಬೈಸಿಕೊಂಡಳು. ಆಮೇಲೆ ನಿಧಾನವಾಗಿ ವಿಷಯ ಬಿಡಿಸಿ ಹೇಳಿದಳು.

ಅವರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬೇಟೆಯ ನೆಲ. ಒಬ್ಬರ ನೆಲದಲ್ಲಿ ಇನ್ನೊಬ್ಬರು ಉರುಲು ಹಾಕುವಂತಿಲ್ಲ. ಆ ಗುಡ್ಡ ಆಕೆಯ ಗಂಡನದಾಗಿತ್ತು. ಆತ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಮನೆಯ ಹಿರಿಯ ಸತ್ತ ದಿನವೇ ನೆಲವೂ ಅವನ ಜೊತೆ ಮಲಗುತ್ತದೆ. ಆಮೇಲೆ ಅಲ್ಲಿ ಯಾರೂ ಹುಲ್ಲು ಕೊಯ್ಯುವುದಿಲ್ಲ, ಹೊಂಡದ ನೀರು ಮುಟ್ಟುವುದಿಲ್ಲ, ಗಡಿಯ ಕಲ್ಲು ದಾಟುವುದಿಲ್ಲ. ವರ್ಷ ತುಂಬಿದ ಮೇಲೆ ಮಗ ತಂದೆಯ ಉರುಲನ್ನು ಬಿಚ್ಚಿ ಆ ನೆಲದಲ್ಲಿ ಹಾಕಬೇಕು. ಮೊದಲು ಬಿದ್ದ ಪ್ರಾಣಿಯನ್ನು ಕೊಲ್ಲುವಂತಿಲ್ಲ, ತಲೆ ಸವರಿ ಬಿಟ್ಟುಬಿಡಬೇಕು. ಅದು ನೆಲದ ಪಾಲು. ಬಂದು ನಾಲ್ಕು ಜನರ ಮುಂದೆ ‘ನಾನು ಬೇಟೆಯಾಡಿದೆ’ ಎಂದು ತನ್ನ ಬಾಯಿಂದ ಹೇಳಬೇಕು. ಆಗ ನೆಲ ಏಳುತ್ತದೆ, ಅವನದಾಗುತ್ತದೆ. ಅದಕ್ಕೆ ಮೊದಲು ‘ನಮ್ಮದು’ ಎಂದು ನಾಲಗೆ ಹೊರಳಿಸಿದವನು ಕುಲದಿಂದ ಹೊರಗೆ.

“ತಂದಿ ಫಾಸ ಇನ್ನಾ ಬಿಚ್ಚಿಲ್ರಿ ಇವ,” ಎಂದಳು. “ನಮ್ದು ಅಂತ ಹ್ಯಾಂಗ ಅನ್ನಬೇಕು?”

ಉರುಲಿಗೆ ಅವರು ಫಾಸ ಅನ್ನುತ್ತಾರೆ. ಆಗ ನನಗೆ ಕಲ್ಲಿನ ಹತ್ತಿರ ಅವರು ನಿಂತದ್ದು, ದಾರಿಯಲ್ಲಿ ಬೆಳೆದ ಹುಲ್ಲು, ಗಾರ್ಡಿನ ಹೇಳಿಕೆ ಎಲ್ಲ ಒಟ್ಟಿಗೇ ತಿಳಿದವು. ಗಾರ್ಡು ನಿಜವನ್ನೇ ಹೇಳಿದ್ದ, ನಾನು ಅವನನ್ನು ಸುಳ್ಳ ಅಂದಿದ್ದೆ. ಆದರೆ ಆ ಹೊತ್ತಿಗೆ ನನಗಾದದ್ದು ನಾಚಿಕೆಯಲ್ಲ, ಲೆಕ್ಕಾಚಾರ. ವರ್ಷ ಯಾವಾಗ ತುಂಬುತ್ತದೆ ಎಂದು ಕೇಳಿದೆ. ಮುಂದಿನ ತಾರೀಖಿಗೆ ಮೊದಲೇ ತುಂಬುತ್ತಿತ್ತು. ಉರುಲು ಹಾಕುವುದು ಕಾಯ್ದೆಯಲ್ಲಿ ಗುನ್ಹೆ, ಪ್ರಾಣಿಯನ್ನು ಬಿಟ್ಟರೂ ಗುನ್ಹೆಯೇ, ವಕೀಲನಾಗಿ ನಾನು ಹಾಕು ಅನ್ನಲಾರೆ ಎಂದೆ. ಮುದುಕಿ ನನ್ನ ಮುಖ ನೋಡಿದಳು. “ನೀ ಏನ್ ಮಾಡ್ತೀಯೋ ನನಗ ಹೇಳಬ್ಯಾಡ,” ಎಂದು ನಾನು ಬಸ್ಸು ಹತ್ತಿದೆ. ಕಾನೂನು ಕಲಿತವರ ಜಾಣತನ ಅಂದರೆ ಇದು. ಕೈಗೆ ಮಸಿ ಹತ್ತಬಾರದು, ಕೆಲಸ ಮಾತ್ರ ಆಗಬೇಕು.

ಅವನು ಉರುಲು ಬಿಚ್ಚಿದ. ನಸುಕಿನಲ್ಲಿ ಒಂದು ಹೆಣ್ಣು ಚಿಗರಿ ಬಿತ್ತಂತೆ, ತಲೆ ಸವರಿ ಬಿಟ್ಟನಂತೆ. ಉರುಲು ಸುತ್ತಿ ಹೆಗಲಿಗೆ ಹಾಕಿಕೊಂಡು ಕಲ್ಲಿನ ಹತ್ತಿರ ಇಳಿಯುವಾಗ ಅದೇ ಗಾರ್ಡು ಹಿಡಿದ. ಹುಮನಾಬಾದಿನ ಕೋರ್ಟಿನಲ್ಲಿ ಕೇಸು ಬಿತ್ತು. ರೈತ ಓಡಿ ಬಂದು ಹೇಳಿದಾಗ ನಾನು ಹೊಟ್ಟೆಯೊಳಗೇ ಖುಷಿಪಟ್ಟೆ ಅಂದರೆ ನೀವು ನಂಬಲಿಕ್ಕಿಲ್ಲ. ಬಸವಕಲ್ಯಾಣದಲ್ಲಿ ಹೋದ ಮರ್ಯಾದೆಯನ್ನು ಗಳಿಸಿಕೊಳ್ಳಲು ದಾರಿ ಸಿಕ್ಕಿತ್ತು. ಅವತ್ತೇ ಜಾಮೀನು ಮಾಡಿಸಿದೆ.

ಕಾಗದಪತ್ರ ನೋಡಿದರೆ ಕೇಸು ತೂತಿನ ಜರಡಿ. ಪ್ರಾಣಿಯಿಲ್ಲ, ರಕ್ತವಿಲ್ಲ, ಒಂದು ಕೂದಲೂ ಇಲ್ಲ. ಉರುಲು ನೆಲದ ಮೇಲೆ ಹಾಕಿದ್ದಲ್ಲ, ಸುತ್ತಿ ಹೆಗಲ ಮೇಲಿದ್ದದ್ದು. ಪಂಚನಾಮೆಯ ಪಂಚರು ಗುಡ್ಡವನ್ನೇ ಹತ್ತಿರಲಿಲ್ಲ. ಬೇರೆ ಊರಿನಿಂದ ಕರೆಸಿ ರೇಂಜ್ ಆಫೀಸಿನಲ್ಲಿ ಸಹಿ ಹಾಕಿಸಿದ್ದರು. ಚಿಗರಿ ಹಿಡಿದು ಬಿಟ್ಟೆ ಎಂದು ಇವನು ಗಾರ್ಡಿಗೆ ಒದರಿದ್ದನಂತೆ, ಅದಕ್ಕೆ ಹೆಬ್ಬೆಟ್ಟು ಇರಲಿಲ್ಲ. ಇವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬಿಡುಗಡೆ ನಿಶ್ಚಿತ.

ಇವನು ಮಾತ್ರ ಬಾಯಿ ಮುಚ್ಚುವವನಲ್ಲ. “ಕಬೂಲ್ ಮಾಡ್ತೀನ್ರಿ,” ಎಂದ. ಕೋರ್ಟಿನಲ್ಲಿ ನಾಲ್ಕು ಜನರ ಮುಂದೆ ‘ಬೇಟೆಯಾಡಿದೆ’ ಅಂದರೆ ತಮ್ಮವರಿಗೂ ಹೇಳಿದಂತಾಗುತ್ತದೆ, ಜೈಲಾದರೆ ಆಗಲಿ, ಹೊರಗೆ ಬಂದ ಮೇಲೆ ನೆಲವಿರುತ್ತದಲ್ಲ ಎಂಬುದು ಅವನ ವಾದ. ಹುಚ್ಚನ ಮಾತು ಅನಿಸಿತು. ನನ್ನ ಯೋಚನೆ ಹೀಗಿತ್ತು: ಶಿಕ್ಷೆಯಾದರೆ ಆ ತೀರ್ಪನ್ನು ಹಿಡಿದುಕೊಂಡು ಗಾರ್ಡು ಮರುದಿನವೇ ಬಸವಕಲ್ಯಾಣಕ್ಕೆ ಹೋಗುತ್ತಾನೆ. ಚಿಗರಿ ಹಿಡಿದ ಗುನ್ಹೆಗಾರನಿಗೆ ಕಾಡಿನಲ್ಲಿ ಹಕ್ಕು ಕೊಡಿ ಎಂದು ಯಾವ ಬಾಯಿಂದ ಕೇಳಲಿ? ಮೊದಲು ಇಲ್ಲಿ ಗೆಲ್ಲಬೇಕು, ಆ ಗೆಲುವನ್ನು ಅಲ್ಲಿಗೆ ಒಯ್ಯಬೇಕು. ಈ ಲೆಕ್ಕದಲ್ಲಿ ಇಂದಿಗೂ ನನಗೆ ಕಾನೂನಿನ ತಪ್ಪು ಕಾಣುವುದಿಲ್ಲ. ನನ್ನ ಕಕ್ಷಿದಾರರಲ್ಲಿ ಯಾರೂ ಅದುವರೆಗೆ ಗುನ್ಹೆ ಕಬೂಲು ಮಾಡಿರಲಿಲ್ಲ ಎಂಬ ಹೆಮ್ಮೆಯೂ ಅದರಲ್ಲಿ ಬೆರೆತಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಆರೋಪ ಓದಿ ಹೇಳುವ ದಿನ ಕೋರ್ಟಿನ ಪಡಸಾಲೆಯಲ್ಲಿ ಅವನಿಗೆ ಪಾಠ ಹೇಳಿಕೊಟ್ಟೆ. ಮ್ಯಾಜಿಸ್ಟ್ರೇಟರು ಕೇಳುತ್ತಾರೆ, ನೀನು ಇಲ್ಲ ಅನ್ನು. ಬರೀ ‘ಇಲ್ಲ’ ಸಾಕಾಗಿತ್ತು. ಆದರೆ ಹೊಲಿಗೆ ಗಟ್ಟಿಯಾಗಲಿ ಎಂದು ಒಂದು ಟಾಕಿ ಹೆಚ್ಚು ಹಾಕುವುದು ನನ್ನ ಚಾಳಿ. ‘ನಾ ಬ್ಯಾಟಿ ಆಡಿಲ್ಲ’ ಅಂತಲೂ ಸೇರಿಸು ಎಂದೆ. ಅವನು ತಾಯಿಯ ಮುಖ ನೋಡಿದ. ಆಕೆ ನನ್ನನ್ನು ಕೇಳಿದಳು:

“ಬಾಯಿಲೆ ಇಲ್ಲ ಅಂದ್ರ ಖರೇನೇ ಇಲ್ಲ ಆಗ್ತದಲ್ರಿ, ವಕೀಲ ಸಾಬ್ರ?”

“ಅದು ಕೋರ್ಟಿನ ಮಾತವ್ವಾ. ಎಲ್ಲಾರೂ ಹಂಗೇ ಅಂತಾರ. ಹೊರಗ ಬಂದ ಮ್ಯಾಲೆ ಅದಕ್ಕೇನು ಕಿಮ್ಮತ್ತಿಲ್ಲ.”

ನನ್ನ ಬಾಯಿಂದಲೇ ಬಂದ ಮಾತಿದು. ಕೋರ್ಟಿನಲ್ಲಿ ಆಡುವ ಮಾತಿಗೆ ಹೊರಗೆ ಕಿಮ್ಮತ್ತಿಲ್ಲ ಎಂದು ಕರಿ ಕೋಟು ಹಾಕಿಕೊಂಡ ನಾನೇ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೂ ಹೇಳಿಕೊಟ್ಟಿದ್ದರು. ವಕೀಲಿಕೆಗೆ ಇಳಿದ ಮೇಲೆ ಮರೆತಿದ್ದೆ.

ಆಕೆ ಮತ್ತೆ ಏನೂ ಕೇಳಲಿಲ್ಲ. ನನ್ನನ್ನು ನಂಬಿದಳೋ, ಜೈಲಿಗೆ ಹೋಗುವ ಮಗನನ್ನು ನೆನೆದು ಅಂಜಿದಳೋ, ನನಗೆ ಇಂದಿಗೂ ತಿಳಿಯದು. ಅವರ ಕಡೆಯವರು ಬಾಗಿಲ ಹೊರಗೆ, ಬೇವಿನ ಮರದ ಕೆಳಗೆ ಕುಂತಿದ್ದರು. ಒಳಗಿನ ಮಾತು ಅಲ್ಲಿಗೆ ಕೇಳುತ್ತಿತ್ತು.

ಮ್ಯಾಜಿಸ್ಟ್ರೇಟರು ಆರೋಪ ಓದಿಸಿ, “ಗುನ್ಹೆ ಕಬೂಲ್ ಅದ ಏನು?” ಎಂದು ಕೇಳಿದರು. ಅವನು ಬಾಗಿಲಾಚೆ ಬೇವಿನ ಕಡೆ ನೋಡಿದ. ಮತ್ತೆ ಕೇಳಿದರು. ಅವನು ನನ್ನ ಕಡೆ ನೋಡಿದ, ನಾನು ಕಣ್ಣಿನಲ್ಲೇ ಗದರಿದೆ.

“ಇಲ್ರಿ,” ಎಂದ. ಆಮೇಲೆ ತಲೆ ತಗ್ಗಿಸಿ, “ನಾ ಬ್ಯಾಟಿ ಆಡಿಲ್ಲ.”

ನಾನು ಕಾಗದ ಜೋಡಿಸಿಕೊಂಡು ಹೊರಗೆ ಬಂದಾಗ ಬೇವಿನ ಕೆಳಗೆ ಮುದುಕಿಯೊಬ್ಬಳೇ ಇದ್ದಳು. ಉಳಿದವರು ಎದ್ದು ಹೋಗಿದ್ದರು. ದಿನವೆಲ್ಲ ಕೂರುವ ತಾಳ್ಮೆ ಈ ಜನಕ್ಕೆಲ್ಲಿ ಎಂದು ಗುಮಾಸ್ತನಿಗೆ ಹೇಳಿದೆ.

ಮುಂದೆ ಎಲ್ಲವೂ ನಾನು ಅಂದುಕೊಂಡ ಹಾಗೇ ನಡೆಯಿತು. ಪಂಚರಿಬ್ಬರೂ ನನ್ನ ಪಾಟೀಸವಾಲಿನಲ್ಲಿ ಮುಗ್ಗರಿಸಿದರು. ಗುಡ್ಡದಲ್ಲಿ ಹೊಂಡ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಒಬ್ಬ ಹೊಂಡವೇ ಇಲ್ಲ ಎಂದ. ಉರುಲು ಸುತ್ತಿತ್ತು ಎಂದು ಗಾರ್ಡು ಒಪ್ಪಿಕೊಂಡ. ಆರೋಪಿ ಬೇಟೆಯಾಡಿದನೆಂಬುದಕ್ಕೆ ಸಾಕ್ಷ್ಯವಿಲ್ಲ, ಅವನನ್ನು ಬಿಡುಗಡೆ ಮಾಡಿದೆ ಎಂದು ತೀರ್ಪಾಯಿತು. ಜಪ್ತಾದ ಉರುಲನ್ನು ಅಪೀಲಿನ ಅವಧಿ ಮುಗಿದ ಮೇಲೆ ಆರೋಪಿಗೆ ಮರಳಿಸಬೇಕೆಂದೂ ನಾನು ಕೇಳಿದ್ದೆ, ಅದೂ ಸಿಕ್ಕಿತು. ಬಾರ್ ರೂಮಿನಲ್ಲಿ ಚಹಾ ನನ್ನ ಲೆಕ್ಕದಲ್ಲಿ. ತಲೆಯ ಮೇಲೆ ಎರಡು ಕೋಡು ಮೂಡಿದ್ದವು. ಮುದುಕಿ ಬಂದು ಎರಡೂ ಕೈ ಜೋಡಿಸಿದಳು, ಮಗ ಜೈಲಿಗೆ ಹೋಗಲಿಲ್ಲವಲ್ಲ. ಆಕೆಯ ಮುಖದಲ್ಲಿ ಸಂತೋಷ ಹುಡುಕಿದೆ, ಸರಿಯಾಗಿ ಸಿಗಲಿಲ್ಲ. ಅವರ ಮುಖ ಇರುವುದೇ ಹಾಗೆ ಅಂದುಕೊಂಡೆ.

ತೀರ್ಪಿನ ನಕಲನ್ನು ಕಿಸೆಯಲ್ಲಿಟ್ಟುಕೊಂಡು ಬಸವಕಲ್ಯಾಣಕ್ಕೆ ಹೋದೆ. ಈ ಸಲ ತಾಯಿ ಮಗ ಇಬ್ಬರೇ ಬಂದಿದ್ದರು. ಮಿಕ್ಕವರು ಎಲ್ಲಿ ಎಂದು ಕೇಳಲೂ ನನಗೆ ತೋಚಲಿಲ್ಲ. ವರ್ಷ ತುಂಬಿದೆ, ಉರುಲು ಬಿಚ್ಚಿಯಾಗಿದೆ, ಈಗ ಅವನು ‘ನಮ್ಮದು’ ಎಂದು ಧಾರಾಳವಾಗಿ ಹೇಳಬಹುದು ಎಂಬುದು ನನ್ನ ತಲೆಯಲ್ಲಿದ್ದದ್ದು. ಅಧಿಕಾರಿ ಮನಸ್ಸು ಮಾಡಿದ್ದರು ಎಂದು ಈಗಲೂ ನಂಬಿದ್ದೇನೆ. ಹೊಂಡದ ನೀರು, ದೇವಿಯ ಗದ್ದುಗೆ, ಸೀತಾಫಲ ಇಷ್ಟನ್ನಾದರೂ ಬರೆದುಕೊಡಬಹುದು, ಇವರು ಬಾಯಿ ಬಿಟ್ಟು ಕೇಳಲಿ ಎಂದು ವಿಚಾರಣೆಗೆ ಮೊದಲು ನನಗೆ ಹೇಳಿದ್ದರು. ಗಾರ್ಡು ಕೇಸಿನ ಮಾತೆತ್ತಿದ. ನಾನು ತೀರ್ಪನ್ನು ಮೇಜಿನ ಮೇಲಿಟ್ಟೆ, ಅವನು ಹಿಂದೆ ಸರಿದ. ಅಧಿಕಾರಿ ಮುದುಕಿಯ ಮಗನ ಕಡೆ ತಿರುಗಿ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಇನ್ನೂ ಮೆತ್ತಗೆ ಕೇಳಿದರು.

“ಆ ಗುಡ್ಡ ನಿಮ್ದಾ ಅಪ್ಪಾ?”

“ಅಲ್ರಿ.”

“ಯಾಕಪ್ಪಾ? ಈಗ್ಲೂ ಅಲ್ವಾ?”

“ನಾ ಬ್ಯಾಟಿ ಆಡಿಲ್ಲಂತ ಕೋರ್ಟಿನಾಗ ನಾನೇ ಹೇಳೀನ್ರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದೂರು ಕೂಡ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೇ. ಅವತ್ತು ಕೋರ್ಟಿನ ಬೇವಿನ ಕೆಳಗಿನಿಂದ ಜನ ಯಾಕೆ ಎದ್ದು ಹೋದರೆಂದು ನನಗೆ ಆಗ ತಿಳಿಯಿತು.

ಐದು ನಿಮಿಷ ಕೇಳಿಕೊಂಡು ಅವನನ್ನು ಹೊರಗೆ ಕರೆದೆ. ಕಂಬದ ಮರೆಯಲ್ಲಿ ಅವನ ತೋಳು ಹಿಡಿದು ಬೇಡಿಕೊಂಡೆ. ಒಂದೇ ಮಾತು ತಮ್ಮಾ, ಸಾಹೇಬರು ಕೊಡಲು ಕೂತಿದ್ದಾರೆ, ನಮ್ಮದು ಎಂದುಬಿಡು, ನೀನು ಬೇಟೆಯಾಡಿದ್ದು ನಿನಗೂ ಗೊತ್ತು ನಿನ್ನ ತಾಯಿಗೂ ಗೊತ್ತು ಎಂದೆ. ಅವನು ತೋಳು ಬಿಡಿಸಿಕೊಳ್ಳಲಿಲ್ಲ.

“ಒಮ್ಮೆ ನೀವು ಹೇಳ್ದಂಗ ಸುಳ್ಳು ಹೇಳೀನ್ರಿ,” ಎಂದ. “ಅದು ಸುಳ್ಳಂತ ಈಗ ಮತ್ತ ಹೇಳಲೇನು? ಯಾವ ಬಾಯಿ ನಂಬ್ತಾರ ನಮ್ಮವ್ರು?”

ನಾನು ಮುದುಕಿಯ ಕಡೆ ತಿರುಗಿದೆ. ಬರುವ ವರ್ಷ ಮತ್ತೊಮ್ಮೆ ಉರುಲು ಬಿಚ್ಚಬಹುದೇ ಎಂದು ಕೇಳಿದೆ. ಆಗ ನನಗೆ ಅರಿವಿಲ್ಲದೆಯೇ ಬಾಯಿಗೆ ‘ರಿ’ ಬಂದಿತ್ತು. ತಂದೆಯ ಉರುಲನ್ನು ಮಗ ಒಮ್ಮೆ ಮಾತ್ರ ಬಿಚ್ಚುತ್ತಾನೆ, ಎರಡನೆಯ ಸಲ ಬಿಚ್ಚಿದ್ದು ಬರೀ ದಾರ ಎಂದಳು. ಬಿಚ್ಚಿ, ಹಿಡಿದು, ಬಿಟ್ಟು, ಆಮೇಲೆ ತನ್ನ ಬಾಯಿಂದಲೇ ಇಲ್ಲ ಅಂದವನ ನೆಲ ಮತ್ತೆ ಏಳುವುದಿಲ್ಲ. ಅವರಲ್ಲಿ ಹಿಂದೆ ಯಾರೂ ಹಾಗೆ ಅಂದದ್ದೇ ಇರಲಿಲ್ಲವಂತೆ. ಅನ್ನುವ ಪ್ರಸಂಗವೇ ಬಂದಿರಲಿಲ್ಲ. ಅವರಿಗೆ ವಕೀಲರು ಎಲ್ಲಿದ್ದರು?

ಒಳಗೆ ಹೋಗಿ ಕಾನೂನಿನ ಮಾತುಗಳನ್ನೇನೋ ಆಡಿದೆ. ರೂಢಿಯ ಹಕ್ಕು, ಸಮುದಾಯದ ಹಕ್ಕು, ಹೊರಗಿನ ರೈತರ ಸಾಕ್ಷ್ಯ ಎಂದೆಲ್ಲ ಹೇಳಿದೆ. ಘಾಟಬೋರಾಳದ ರೈತನ ಹೇಳಿಕೆ ಬರೆಸಿದೆ. ಅಧಿಕಾರಿ ಎಲ್ಲ ಕೇಳಿಸಿಕೊಂಡು, ಹಕ್ಕುದಾರನೇ ಪ್ರಮಾಣ ಮಾಡಿ ನನ್ನದಲ್ಲ ಅಂದಮೇಲೆ ಪಕ್ಕದ ಹೊಲದವನ ಮಾತಿನ ಮೇಲೆ ನಾನು ಹೇಗೆ ಕೊಡಲಿ ಎಂದು ನನ್ನನ್ನೇ ಕೇಳಿದರು. ಯಾವ ಹಕ್ಕೂ ಸಾಬೀತಾಗಿಲ್ಲ ಎಂದು ಆದೇಶವಾಯಿತು. ಮೇಲಿನವರಿಗೆ ಅಪೀಲು ಬರೆಯಲು ಕೂತೆ. ಕಾರಣಗಳು ಎಂದು ತಲೆಬರಹ ಹಾಕಿದ ಮೇಲೆ ಮುಂದಕ್ಕೆ ಒಂದು ಸಾಲೂ ಹುಟ್ಟಲಿಲ್ಲ. ಗುಡ್ಡಕ್ಕೆ ಕಲ್ಲು ನೆಟ್ಟರು, ಅಂಚಿನ ಗುಡಿಸಲುಗಳನ್ನು ಎಬ್ಬಿಸಿದರು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಾವು ವಕೀಲರು ಚಹಾ ಕುಡಿಯುತ್ತ ನಗೆಗೆ ಹೇಳುತ್ತೇವೆ. ನಾನು ಗೆಲ್ಲಿಸಿಯೇ ಸೋಲಿಸಿದ್ದೆ. ಇದರ ಮೇಲೆ ಇನ್ನೊಂದು ಶಿಕ್ಷೆ ಬಂತು. ಎಂಥ ಶಿಕಾರಿ ಕೇಸನ್ನೂ ಗೆಲ್ಲುವ ವಕೀಲ ಎಂದು ನನಗೆ ಹೆಸರಾಯಿತು. ಜೀಪಿನಲ್ಲಿ ಬಂದೂಕು ಇಟ್ಟುಕೊಂಡು ತಿರುಗುವ ಶೋಕಿಯ ಶಿಕಾರಿಗಳು ನನ್ನ ಆಫೀಸು ಹುಡುಕಿಕೊಂಡು ಬರತೊಡಗಿದರು. ಅವರಿಗೆ ಗುಮಾಸ್ತ ಕುರ್ಚಿ ಹಾಕುತ್ತಿದ್ದ. ನನ್ನ ಗಡಿಯಾರ ಮೇಜಿನ ಮೇಲೇ ಇರುತ್ತಿತ್ತು. ಆ ಕೇಸುಗಳನ್ನು ನಾನು ಹಿಡಿಯಲಿಲ್ಲ. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ‘ಇಲ್ಲ ಅನ್ನು’ ಎಂದು ಹೇಳಿಕೊಡಲು ಬಾಯಿ ಬರುತ್ತಿರಲಿಲ್ಲ.

ಅಪೀಲಿನ ಅವಧಿ ಮುಗಿದ ಮೇಲೆ ಕೋರ್ಟಿನಿಂದ ಉರುಲು ಬಿಡುಗಡೆಯಾಯಿತು. ಅವರ ಪತ್ತೆಯಿಲ್ಲದ್ದರಿಂದ ಅವರ ಪರವಾಗಿ ನಾನೇ ಸಹಿ ಹಾಕಿ ತೆಗೆದುಕೊಂಡೆ. ಪ್ರಾಣಿಯ ನರಗಳನ್ನು ಹೊಸೆದು ಮಾಡಿದ ಹುರಿ, ಕೈಯಾಡಿ ಆಡಿ ನುಣುಪಾದ ಸಣ್ಣ ಗೂಟಗಳು. ಆಫೀಸಿನಲ್ಲಿ ಇಡಲು ಮನಸ್ಸಾಗಲಿಲ್ಲ. ಅವರು ಪಕ್ಕದ ಮಾಣಿಕನಗರದಲ್ಲಿದ್ದಾರೆ ಎಂದು ರೈತ ಹೇಳಿದ. ಒಂದು ಚೀಲದಲ್ಲಿ ಹಾಕಿಕೊಂಡು ಹೋದೆ.

ಅಲ್ಲಿಯ ಮಠದ ಕಡೆ ಹೋಗುವ ದಾರಿಯಲ್ಲಿ, ತೆಂಗಿನಕಾಯಿ ಅಂಗಡಿಗಳ ಸಾಲಿನ ಕೊನೆಗೆ ಮುದುಕಿ ಕೂತಿದ್ದಳು. ಮುಂದೆ ಸಿಂದಿ ಮರದ ಗರಿಯ ಕಸಬರಿಗೆಗಳಿದ್ದವು. ಮಗ ಒಂದು ಅಂಗಡಿಯಲ್ಲಿ ಚೀಲ ಇಳಿಸುವ ಕೆಲಸಕ್ಕೆ ಹತ್ತಿದ್ದ. ನನ್ನನ್ನು ನೋಡಿ ಆಕೆ ಎದ್ದು ನಿಂತಳು. ಕೂತಿರಿ ಅವ್ವಾ ಎಂದೆ, ನಾನೂ ಪಕ್ಕದ ಕಲ್ಲಿನ ಮೇಲೆ ಕೂತೆ. ಚೀಲದ ಬಾಯಿ ಬಿಚ್ಚಿ ಉರುಲನ್ನು ಆಕೆಯ ಮುಂದೆ ಹಿಡಿದೆ. ಕೋರ್ಟಿನಿಂದ ಬಿಡಿಸಿಕೊಂಡು ಬಂದಿದ್ದೇನೆ, ನಿಮ್ಮ ಯಜಮಾನರದು, ಇಟ್ಟುಕೊಳ್ಳಿ ಎಂದೆ.

ಆಕೆ ಕೈ ಚಾಚಿದಳು. ಹುರಿಯ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

“ಬ್ಯಾಟಿ ಆಡದವ್ರ ಮನ್ಯಾಗ ಫಾಸ ಯಾಕ್ರಿ, ವಕೀಲ ಸಾಬ್ರ?”

ಯಾರೋ ಗಿರಾಕಿ ಬಂದು ಕಸಬರಿಗೆಯ ಬೆಲೆ ಕೇಳಿದರು. ಆಕೆ ಆ ಕಡೆ ತಿರುಗಿದಳು. ನಾನು ಚೀಲದ ಬಾಯಿ ಕಟ್ಟಿಕೊಂಡು ಎದ್ದೆ.